ಗುಬ್ಬಿ ಹೇಳದ ಸಾಲು

ಗುಬ್ಬಿಯ ಪ್ರಬಂಧ ಓದಿ ಟೀಚರ್‌ಗೆ ಅಳು ಬರಬೇಕಿತ್ತು. ಬಂದದ್ದು ಆಕಳಿಕೆ.

"ಅಮ್ಮನ್ನ ನೆನೆಸ್ಕೊಂಡು ರಾತ್ರಿಯೆಲ್ಲ ಅತ್ತೆ ಅಂತ ಬರ್ದಿದೀಯಲ್ಲ, ನಿಜವಾಗ್ಲೂ ಅತ್ತಿದ್ಯಾ?"

"ಇಲ್ಲ ಟೀಚರ್. ಅಮ್ಮ ಹೋದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಆದ್ರೆ ಕಷ್ಟ ಬರೆದ್ರೆ ಕಾಲೇಜಿನವರಿಗೆ ಇಷ್ಟ ಆಗುತ್ತಂತೆ."

ಕೌಂಟರಿನ ಹಿಂದೆ ಲೆನ್ಸ್ ಉಜ್ಜುತ್ತಿದ್ದ ಗುಬ್ಬಿಯ ಅಪ್ಪ ತಲೆ ಎತ್ತದೆ ನಕ್ಕ. ಆ ನಗು ಕಣ್ಣಿನ ಮೂಲೆಯಲ್ಲಿ ಶುರುವಾಗಿ, ತುಟಿಗೆ ಬರುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಅದನ್ನು ನೋಡಲೆಂದೇ ಟೀಚರ್ ಈ ಕನ್ನಡಕದ ಅಂಗಡಿಗೆ ಬರುತ್ತಿರಲಿಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡಿದ್ದಳು.

ಬರಲು ಕಾರಣಗಳೇನೋ ಇದ್ದವು. ಕಾಲೇಜಿನ ಅರ್ಜಿಗೆ ಪ್ರಬಂಧ ಬರೆಸಿಕೊಡಿ ಎಂದು ಅಪ್ಪ ಮಗಳಿಬ್ಬರೂ ಕೇಳಿದ್ದರು. ಗುಬ್ಬಿ ಪ್ರತಿ ವಾರ ಹೊಸದೊಂದು ಸಂಕಟ ಹುಟ್ಟಿಸಿಕೊಂಡು ತರುತ್ತಿದ್ದಳು. ಸಾಲದ್ದಕ್ಕೆ ಟೀಚರ್ ಕನ್ನಡಕದ ಸ್ಕ್ರೂ ವಾರವಾರವೂ ಸಡಿಲವಾಗುತ್ತಿತ್ತು. ಪಾಠ ಮುಗಿದ ಮೇಲೆ ಅವನು ಅದನ್ನು ತಿರುಪಿ, ಎರಡೂ ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಆಮೇಲೆ ಅವಳ ಕಿವಿಗೆ ಸಿಕ್ಕಿಸುತ್ತಿದ್ದ. ಬಂದ ಗಿರಾಕಿಗೆಲ್ಲ ಎಷ್ಟು ಮುತುವರ್ಜಿ ಎಂದುಕೊಳ್ಳುತ್ತಾ ಅವಳು ಮನೆ ತಲುಪುವವರೆಗೂ ಕಿವಿ ಮುಟ್ಟಿಕೊಳ್ಳುತ್ತಿದ್ದಳು. ಆ ಗಿರಾಕಿಗಳ ಮೇಲೆ ವಿನಾಕಾರಣ ಹೊಟ್ಟೆಕಿಚ್ಚು ಬೇರೆ.

ಇವತ್ತು ಕೊನೆಯ ಪಾಠ. ಪ್ರಬಂಧ ಹೋದರೆ ಅವಳ ನೆಪವೂ ಹೋಯಿತು.

"ಅಳು ಹಾಗಿರಲಿ. ಈ ಅಂಗಡೀಲಿ ನೀನೇನು ಮಾಡ್ತೀಯ, ಅದನ್ನ ಹೇಳು."

"ಕನ್ನಡಿ ಹಿಡೀತೀನಿ, ಅಷ್ಟೇ."

ಟೀಚರ್ ಪೆನ್ನು ಮುಟ್ಟುವವಳಲ್ಲ. ಮಕ್ಕಳು ಬಾಯಲ್ಲಿ ಹೇಳಬೇಕು, ಅವಳು ಅದನ್ನೇ ತಿರುಗಿ ಒಪ್ಪಿಸಬೇಕು, ಅವರು ಹೂಂ ಅಂದದ್ದಷ್ಟೇ ಕಾಗದಕ್ಕೆ. ತನ್ನದೊಂದು ಮಾತೂ ಸೇರಕೂಡದೆಂಬುದು ಅವಳ ಹಟ.

ಗುಬ್ಬಿ ಹೇಳುತ್ತಾ ಹೋದಳು. ಹೊಸ ಫ್ರೇಮ್ ಹಾಕಿಕೊಂಡವರ ಮುಂದೆ ಕನ್ನಡಿ ಹಿಡಿದು 'ಸೂಪರ್' ಅನ್ನುವುದು ಅವಳ ಕೆಲಸ. ಒಂದು ದಿನ ಒಬ್ಬ ಅಜ್ಜಿ, "ನಿಜ ಹೇಳು ಮಗಳೇ" ಅಂದುಬಿಟ್ಟರು. ಸುಳ್ಳು ಬಾಯಿಗೆ ಬರಲಿಲ್ಲ. ನಿಮಗಿದು ಒಪ್ಪಲ್ಲ ಅಜ್ಜಿ ಅಂದಳು. ಅಪ್ಪ ಬೈಯಲಿಲ್ಲ, ಫ್ರೇಮುಗಳ ಇನ್ನೊಂದು ಟ್ರೇ ತೆಗೆದ.

ಟೀಚರ್ ಕಣ್ಣರಳಿತು. ಕೊನೆಗೂ ನಿಜವಾದ ಹುಡುಗಿ ಸಿಕ್ಕಿದ್ದಳು. ಖುಷಿಯಲ್ಲಿ ತಿರುಗಿ ಹೇಳತೊಡಗಿದಳು: "ಅಪ್ಪ ಬೈಲಿಲ್ಲ. ಇನ್ನೊಂದು ಟ್ರೇ ತೆಗೆದ್ರು. ತಣ್ಣಗೆ ತಾಗಬಾರದು ಅಂತ ಕಡ್ಡಿಗಳನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿ ಅಜ್ಜಿ ಕಿವಿಗೆ ಹಾಕಿದ್ರು..."

"ಅದು ನಾನು ಹೇಳಿಲ್ಲ ಟೀಚರ್."

"ಹೇಳಿಲ್ವಾ?"

"ಇಲ್ಲ. ಅಪ್ಪ ಯಾರಿಗೂ ಹಾಗೆ ಮಾಡಲ್ಲ. ಸೀದಾ ತಗೊಂಡು ಮೂಗಿನ ಮೇಲೆ ಕೂರಿಸ್ತಾರೆ."

ಲೆನ್ಸ್ ಉಜ್ಜುವ ಸದ್ದು ನಿಂತಿತು. ಗುಬ್ಬಿ ಟೀಚರ್ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಇಬ್ಬರೂ ಕೆಂಪಾಗಿದ್ದರು.

"ಉಳಿದಿದ್ದು ನಾನೇ ಬರ್ಕೋತೀನಿ," ಎಂದು ಕಾಗದ ಎತ್ತಿಕೊಂಡಳು. "ಆ ಸಾಲು ನಂದಲ್ಲ. ನೀವೇ ಇಟ್ಕೊಳ್ಳಿ."

ಅವಳು ಮಹಡಿಯ ಮೆಟ್ಟಿಲು ಹತ್ತಿ ಹೋದಳು.

"ಕನ್ನಡಕ ಕೊಡಿ," ಅಂದ ಅವನು.

ಅವಳು ಕೊಟ್ಟಳು. ಕನ್ನಡಕ ತೆಗೆದರೆ ಅವಳಿಗೆ ಎಲ್ಲವೂ ಮಸುಕು. ಅವನ ಮುಖ ಕಾಣಲಿಲ್ಲ, ಅದರಿಂದಲೇ ಧೈರ್ಯ ಬಂತು.

"ಎಲ್ಲರಿಗೂ ಮಾಡ್ತೀರಿ ಅಂದ್ಕೊಂಡಿದ್ದೆ."

"ಎಲ್ಲರಿಗೂ ಮಾಡ್ತಾ ಕೂತ್ರೆ ಅಂಗಡಿ ನಡೆದ ಹಾಗೇ!" ಅವನು ಸ್ಕ್ರೂ ಮೇಲೆ ಬೆರಳಿಟ್ಟ. "ಇನ್ನೊಂದು ಹೇಳ್ಬೇಕು. ಈ ಸ್ಕ್ರೂ ನಾನು ಯಾವತ್ತೂ ಪೂರ್ತಿ ಬಿಗಿ ಮಾಡಿಲ್ಲ. ಮಾಡಿದ್ರೆ ನೀವು ಪಾಠ ಮುಗಿದ ತಕ್ಷಣ ಹೊರಟುಬಿಡ್ತಿದ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ.

"ಅದು ಸಾಲದ್ದಕ್ಕೆ ನಾನೂ ದಾರೀಲಿ ಉಗುರಲ್ಲಿ ಸಡಿಲ ಮಾಡ್ಕೊಂಡು ಬರ್ತಿದ್ದೆ."

ಈ ಸಲ ಅವನ ನಗು ತುಟಿಗೂ ಬಂದಿರಬೇಕು. ಅವಳಿಗೆ ಕೇಳಿಸಿತು. ಅವನು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ.

"ಇವತ್ತು ಸ್ಕ್ರೂ ಬಿಗಿಯಾಗೇ ಕೂರಿಸ್ಲಾ?"

"ಕೂರಿಸಿ," ಎಂದಳು. "ನಾಳೆ ಸುಮ್ನೆ ಬರ್ತೀನಿ."