ನೀಲವ್ವನ ಗಂಟಿನ ಸೆರಗು

ಮಾವನ ಮೀಸೆಯಾಣೆ, ಈ ಕತೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅನುಮಾನವಿದ್ದವರು ಮಾವನ ಹಿತ್ತಲಿಗೆ ಬಂದು ನೋಡಿ. ಕತೆಯ ಮರದ್ದೇ ಒಂದು ಕಡ್ಡಿ ಅಲ್ಲಿ ಮೈತುಂಬ ಹೂ ಬಿಟ್ಟು ನಿಂತಿದೆ.

ಬೆಟ್ಟಗಳಿಗಿನ್ನೂ ಹೆಸರಿಡದಿದ್ದ ಕಾಲದಲ್ಲಿ ಘಮಾವತಿ ಎಂಬ ರಾಜ್ಯವಿತ್ತು. ರಾಜ್ಯಕ್ಕೆಲ್ಲ ಇದ್ದದ್ದು ಒಂದೇ ದೇವಕಣಗಿಲೆ ಮರ. ಅದರ ಘಮ ಎಂಥದ್ದೆಂದರೆ, ಜಗಳಕ್ಕೆ ಬಂದವರು ಬಂದ ಕಾರಣ ಮರೆತು ಊಟ ಮಾಡಿಕೊಂಡು ಹೋಗುತ್ತಿದ್ದರು. ಮರವನ್ನು ಅರಮನೆಯ ಮಾಲಿ ಹಾಲಪ್ಪ ಸಾಕಿದ್ದ. ಹಾಲಪ್ಪನನ್ನು ಮಗಳು ನೀಲವ್ವ ಸಾಕುತ್ತಿದ್ದಳು.

ಒಂದು ದಿನ ಉರಿಗಡ್ಡನೆಂಬ ಮಾಂತ್ರಿಕ ರೆಕ್ಕೆಯ ಕೋಣದ ಮೇಲೆ ಬಂದಿಳಿದ. "ಈ ಮರ ನನಗೆ ಬೇಕು."

"ಆಗೋದಿಲ್ಲ ಸ್ವಾಮಿ," ಎಂದ ಹಾಲಪ್ಪ.

ಅಷ್ಟಕ್ಕೇ ಮಾಂತ್ರಿಕ ಅವನನ್ನು ನಿಂತಲ್ಲೇ ಕಲ್ಲು ಮಾಡಿ, ಮರವನ್ನು ಬುಡಸಮೇತ ಕಿತ್ತ. ಮರ ಕಣ್ಣೆದುರೇ ಒಣಗಿತು. ಹಸಿಯಾಗಿ ಉಳಿದದ್ದು ಗೇಣುದ್ದದ ನಾಲ್ಕೇ ಕಡ್ಡಿ.

ನೀಲವ್ವ ಕಲ್ಲಿನ ಕಾಲು ತಬ್ಬಿಕೊಂಡಳು. "ನಮ್ಮಪ್ಪನ್ನ ವಾಪಸು ಕೊಡಿ!"

"ಈ ಹೂ ತಾನಾಗಿ ಉದುರಿ ತಲೆ ಮೇಲೆ ಬಿದ್ದರೆ ಎದ್ದಾನು. ಅದೂ ಪಾಚಿ ಬೆಳೆದು ಅವನ ಕಣ್ಣು ಮುಚ್ಚುವುದರೊಳಗೆ," ಎಂದು ನಕ್ಕ ಉರಿಗಡ್ಡ. "ಪಂದ್ಯ ಕಟ್ಟೋಣ. ನನಗೆ ಮೂರು ಕಡ್ಡಿ, ನಿನಗೆ ಒಂದು. ನನ್ನದು ಮೊದಲು ಹೂ ಬಿಟ್ಟರೆ ನೀನೂ ಕಲ್ಲು. ನಿನ್ನದು ಬಿಟ್ಟರೆ ನನ್ನ ಮಂತ್ರವೆಲ್ಲ ಮಣ್ಣುಪಾಲು."

ಬೇಲಿಯಾಚೆ ಅವನು ಮೊದಲ ಕಡ್ಡಿಯನ್ನು ಮುರಿದ ತುದಿಯಿಂದ ಹಾಲು ಸೋರುತ್ತಿರುವಾಗಲೇ ನೆಟ್ಟು, ಕೊಡಗಟ್ಟಲೆ ನೀರು ಸುರಿದ. ನೀಲವ್ವ ತನ್ನದನ್ನು ನೆರಳಲ್ಲಿ ಮಲಗಿಸಿದಳು.

"ಏನೇ, ನಿನ್ನ ಕಡ್ಡಿ ಇನ್ನೂ ಮಲಗಿದೆಯಾ?"

"ಗಾಯ ಮಾಯಲಿ ಸ್ವಾಮಿ."

ಎಂಟು ದಿನಕ್ಕೆ ಅವಳದರ ಹಾಲು ಆರಿತು. ಅವನದು ಕೊಳೆತು ನಾರಿತು. ಪಾಚಿ ಹಾಲಪ್ಪನ ಮೊಣಕಾಲಿಗೆ ಬಂತು.

ಎರಡನೆಯ ಕಡ್ಡಿಯನ್ನು ಉರಿಗಡ್ಡ ಒಣಗಿಸಿಯೇ ನೆಟ್ಟ.

"ಧಣಿ, ಅದು ತಲೆಕೆಳಗಾಗಿದೆ," ಎಂದಿತು ಕೋಣ.

"ನೀನು ಹುಲ್ಲು ತಿನ್ನು. ಹುಲಿಗೇ ಹಾಡು ಕಲಿಸಿದವನು ನಾನು!" ಎಂದು ಗದರಿ, ಬೇಲಿಯೀಚೆ ಬಗ್ಗಿದ. "ಏನೇ, ನಿನ್ನದು ಇನ್ನೂ ಮಲಗಿದೆಯಾ?"

"ಎದ್ದು ನಿಂತಿದೆ ಸ್ವಾಮಿ. ಕಾಲ ಮೇಲೆ."

ಅವಳು ಅದನ್ನು ಅಪ್ಪನ ಪಕ್ಕದಲ್ಲೇ, ಅವನ ತಲೆಯೆತ್ತರಕ್ಕೆ ಪೇರಿಸಿದ ಮರಳು ಬೆರೆಸಿದ ಮಣ್ಣಲ್ಲಿ ನೆಟ್ಟಿದ್ದಳು. ಅವನದು ಸುಕ್ಕಾಗಿ ಸತ್ತಿತು. ಪಾಚಿ ಹಾಲಪ್ಪನ ಎದೆಗೆ ಬಂತು.

ಮೂರನೆಯದನ್ನು ಅವಳನ್ನು ನೋಡಿ ಕಾಪಿ ಹೊಡೆದು ಸರಿಯಾಗಿಯೇ ನೆಟ್ಟ. ಈಗ ಕಾಯುವುದೊಂದೇ ಕೆಲಸ. ಎರಡರಲ್ಲೂ ಒಂದೆಲೆಯಿಲ್ಲ. ಪಾಚಿ ಗದ್ದ ಮುಟ್ಟಿತು. ಬೇರು ಬಂದಿದೆಯೋ ಇಲ್ಲವೋ, ಒಮ್ಮೆ ಕಿತ್ತು ನೋಡಿಬಿಡಲೇ ಎಂದು ನೀಲವ್ವನ ಕೈ ತುರಿಸಿತು. ಅಪ್ಪ ಹೇಳಿಕೊಟ್ಟದ್ದು ನೆನಪಾಯಿತು: "ಹಂಗನ್ನಿಸಿದಾಗೆಲ್ಲ ಸೆರಗಿಗೊಂದು ಗಂಟು ಹಾಕವ್ವ. ಕೈಗೂ ಏನಾದ್ರೂ ಕೆಲಸ ಬೇಕಲ್ಲ."

ಅವಳು ಗಂಟು ಹಾಕಿದಳು. ಉರಿಗಡ್ಡ ಬೆಳಿಗ್ಗೆ ಸಂಜೆ ಕಿತ್ತು ನೋಡಿದ. ಪ್ರತಿ ಸಲವೂ ಎಳೆ ಬೇರು ಮುರಿಯಿತು.

ಅರವತ್ತಮೂರನೆಯ ಗಂಟಿಗೆ ಪಾಚಿ ಹಾಲಪ್ಪನ ಕೆಳರೆಪ್ಪೆಗೆ ಬಂದಿತ್ತು. ಅಂದೇ ನೀಲವ್ವನ ಕಡ್ಡಿಯ ತುದಿಯಲ್ಲಿ ಹೂವೊಂದು ಅರಳಿ, ತೊಟ್ಟು ಕಳಚಿ, ಕಲ್ಲಿನ ನೆತ್ತಿಯ ಮೇಲೆ ಟಪ್ಪೆಂದಿತು.

ಕಲ್ಲು ಸೀನಿತು. ಪಾಚಿಯೆಲ್ಲ ಹಾರಿಹೋಯಿತು.

"ನೀರು ಜಾಸ್ತಿ ಹಾಕಿಲ್ಲ ತಾನೆ ಮಗಾ?" ಎಂದ ಹಾಲಪ್ಪ.

ನೀಲವ್ವ ಅರವತ್ತಮೂರು ಗಂಟಿನ ಸೆರಗಿನಲ್ಲೇ ಅಪ್ಪನ ಮುಖ ಒರೆಸಿದಳು.

ಮಾಂತ್ರಿಕನ ಮಂತ್ರ ಮಣ್ಣುಪಾಲಾಯಿತು. ಕೋಣದ ರೆಕ್ಕೆ ಉದುರಿ, ಅದು ನೆಮ್ಮದಿಯಾಗಿ ಮೇಯಲು ಹೋಯಿತು. ಉರಿಗಡ್ಡ ಮಾತ್ರ ಮೂಗೊರೆಸುತ್ತ ನಿಂತ. "ನನಗೂ ಒಂದು ಕಡ್ಡಿ ಕೊಡವ್ವ."

"ಕೊಡ್ತೀನಿ. ಕಿತ್ತು ನೋಡಂಗಿಲ್ಲ!"

ಪಾಪ, ಅವನಿಗೆ ಸೆರಗೆಲ್ಲಿ? ಗಡ್ಡಕ್ಕೇ ಗಂಟು ಹಾಕಿದ. ಹೂ ಬಿಡುವ ಹೊತ್ತಿಗೆ ಮೊಣಕಾಲುದ್ದದ ಗಡ್ಡ ಗದ್ದಕ್ಕೇರಿತ್ತು. ಮುಂದೆ ಘಮಾವತಿಯ ಮನೆಮನೆಯ ಮುಂದೂ ದೇವಕಣಗಿಲೆ ಎದ್ದಿತು, ಜಗಳಗಂಟರೆಲ್ಲ ಉಂಡು ದಪ್ಪಗಾದರು, ಎಲ್ಲರೂ ಸುಖವಾಗಿದ್ದರು.

ಇಷ್ಟೂ ನಿಜ. ಹಿತ್ತಲಲ್ಲಿ ಹೂ ಬಿಟ್ಟಿದೆ ಅಂದದ್ದೊಂದು ಸಣ್ಣ ಸುಳ್ಳು. ಕಡ್ಡಿ ಇರುವುದೇನೋ ಹೌದು. ಬೇರು ಇನ್ನೂ ಬಂದಿಲ್ಲ. ಮಾವ ಇವತ್ತು ಬೆಳಿಗ್ಗೆಯೂ ಕಿತ್ತು ನೋಡಿದ್ದಾನೆ.