ಹಿಡಿಕೆಯ ಮೇಲಿನ ಟವೆಲ್

"ರೀ, ಈ ಟವೆಲ್ ಯಾರದ್ದು?"

ಹೇಮಾವತಿಯ ದನಿಗೆ ಹರಾಜಿನ ಅಂಗಳವೇ ತಿರುಗಿ ನೋಡಿತು.

ಅವಳ ಪವರ್ ಟಿಲ್ಲರಿನ ಹಿಡಿಕೆಯ ಮೇಲೆ ಒಂದು ಟವೆಲ್ ಬಿದ್ದಿತ್ತು. ಚನ್ನಗಿರಿಯ ಈ ಹಳೇ ಯಂತ್ರಗಳ ಹರಾಜಿನಲ್ಲಿ ಹಿಡಿಕೆಗೆ ಟವೆಲ್ ಹಾಕಿದರೆ, ವ್ಯಾಪಾರ ಆಗಲೇ ಒಳಗೊಳಗೆ ಕುದುರಿದೆ ಎಂದರ್ಥ. ಆಮೇಲೆ ಯಾರೂ ಬೆಲೆ ಕೂಗುವುದಿಲ್ಲ. ಅವಳ ಟಿಲ್ಲರನ್ನೂ ಯಾರೂ ಕೂಗಲಿಲ್ಲ. ಹರಾಜು ನಡೆಸುವ ಲಾಲ್‌ಸಾಬ್ ಮೂರು ಸಲ ಕರೆದು ಮುಂದಿನ ಯಂತ್ರದ ಕಡೆ ಹೊರಟಿದ್ದರು.

"ನಂದು..."

ಗುಂಪಿನಿಂದ ಬಂದವನು ಅವಳಿಗೆ ಚೆನ್ನಾಗಿ ಗೊತ್ತಿದ್ದವನೇ. ಗುರುಬಸವರಾಜ್! ಗೋವಿನಕೋವಿಯ ಮೆಕ್ಯಾನಿಕ್. ಎರಡು ವರ್ಷದಿಂದ ಈ ಟಿಲ್ಲರ್ ರಿಪೇರಿ ಮಾಡುತ್ತಿದ್ದವನು.

"ನೀವಾ? ಹಿಂಗೆ ಟವೆಲ್ ಹಾಕಿದ್ರೆ ಏನರ್ಥ ಅಂತ ಗೊತ್ತಿಲ್ವಾ?"

"ಗೊತ್ತೈತ್ರೀ... ಹಿಡಿಕೆಗೆ ಎಣ್ಣೆ ಹತ್ತಿತ್ತು. ಒರೆಸಿ ಅಲ್ಲೇ ಮರೆತುಬಿಟ್ಟೆ."

"ಮರೆತ್ರಾ? ಯಾರೂ ಕೂಗದಂಗೆ ಮಾಡಿ, ಅಗ್ಗಕ್ಕೆ ಹೊಡ್ಕೊಳ್ಳಾಕೆ ಹಾಕಿದ್ರಾ?"

ಅವಳ ಕಣ್ಣು ತುಂಬಿತು. ಟಿಲ್ಲರ್ ಮಾರಾಟವಾದರೆ ಮಾತ್ರ ಅಂಗಳದ ಕೊನೆಯಲ್ಲಿದ್ದ ಕೆಂಪು ಮಿನಿ ಟ್ರ್ಯಾಕ್ಟರ್ ಕೊಳ್ಳಬಹುದಿತ್ತು. ಇಲ್ಲದಿದ್ದರೆ ಹೊಲ ಬೇರೆಯವರಿಗೆ ಗುತ್ತಿಗೆಗೆ ಹೋಗುತ್ತಿತ್ತು. 'ಟಿಲ್ಲರ್ ಹಿಂದೆ ಎಷ್ಟು ದಿನ ನಡೀತೀಯ? ಗುತ್ತಿಗೆಗೆ ಕೊಟ್ಟುಬಿಡಣ' ಎಂದು ಅಣ್ಣ ಕಡ್ಡಿ ಮುರಿದಂತೆ ಹೇಳಿದ್ದ. ಅವಳೇ ಉತ್ತ ಹೊಲ...

'ಇವನನ್ನಾ ನಾನು ನಂಬಿದ್ದು?'

ಗುರುಬಸವರಾಜ್ ನೇರ ಹೋಗಿ ಲಾಲ್‌ಸಾಬರ ಕೈಯಿಂದ ಮೈಕ್ ಇಸಿದುಕೊಂಡ. ನಾಲ್ಕು ಜನರೆದುರು ಬಾಯಿ ಬಿಡಲು ತಡವರಿಸುವವನು!

"ಟವೆಲ್ ನಂದು... ಮಾತುಗೀತು ಏನೂ ಆಗಿಲ್ಲ, ತಪ್ಪು ನಂದೇ. ಈ ಎಂಜಿನ್ ನಾನೇ ಬಿಚ್ಚಿ ಕಟ್ಟೀನಿ. ಯಾರೇ ತಗಳ್ರಿ, ಒಂದು ವರ್ಷ ಏನೇ ಕೆಟ್ರೂ ಪುಕ್ಕಟೆ ಮಾಡಿಕೊಡ್ತೀನಿ."

"ಟಿಲ್ಲರ್‌ಗೆ ಗ್ಯಾರಂಟಿ ಸಿಕ್ತು, ನಿನಗೆ ಯಾರು ಕೊಡ್ತಾರಪ್ಪ?" ಯಾರೋ ಕಿಚಾಯಿಸಿದರು.

"ಏ, ಸುಮ್ನಿರ್ರೋ! ಮತ್ತೆ ಕೂಗಿಸ್ತೀನಿ, ಬರ್ರಿ ಈ ಕಡೆ," ಎಂದರು ಲಾಲ್‌ಸಾಬ್.

ಈ ಸಲ ಐದು ಜನ ಪೈಪೋಟಿಗೆ ಬಿದ್ದರು. ಹೊನ್ನಾಳಿಯವರೊಬ್ಬರು ಅವಳು ಅಂದುಕೊಂಡಿದ್ದಕ್ಕಿಂತ ಹೆಚ್ಚಿಗೇ ಕೊಟ್ಟು ತೆಗೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಮಿನಿ ಟ್ರ್ಯಾಕ್ಟರ್ ಅವಳದಾಯಿತು!

ಆದರೆ ಸಂತೋಷಕ್ಕಿಂತ ಮೊದಲು ಬಂದದ್ದು ನಾಚಿಕೆ. 'ಏನೆಲ್ಲ ಅಂದುಬಿಟ್ಟೆ...' ಅವಳು ಗೇಟಿನ ಕಡೆ ಓಡಿದಳು. ಅವನು ಬೈಕ್ ಸ್ಟಾರ್ಟ್ ಮಾಡಿದ್ದ.

"ಎಲ್ಲರ ಮುಂದೆ ಬೈದೆ... ತಪ್ಪಾತು ಕಣ್ರಿ."

"ಬೈಯ್ಯಂಗೇ ಮಾಡಿದ್ದೆ ಬಿಡ್ರಿ."

"ನೀವು ಏನೂ ಕೊಳ್ಳಲಿಲ್ಲ. ಮತ್ಯಾಕೆ ಇಲ್ಲಿತಂಕ ಬಂದ್ರಿ?"

ಅವನು ಬೈಕ್ ಆಫ್ ಮಾಡಿದ. ತಲೆ ಎತ್ತಲಿಲ್ಲ.

"ಟಿಲ್ಲರ್ ಹೋದ್ಮೇಲೆ ನೀವು ಗೋವಿನಕೋವಿಗೆ ಬರಾಕೆ ಕಾರಣನೇ ಇರಲ್ಲ... ನಿಮ್ಮನ್ನ ಒಂದ್ಸಲ ನೋಡಿ ಹೋಗಣ ಅಂತ."

ಹೇಮಾವತಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

"ನಮ್ಮ ಬಸವಾಪಟ್ಟಣದಾಗೇ ಇಬ್ಬರು ಮೆಕ್ಯಾನಿಕ್ ಅದಾರೆ. ಅಷ್ಟು ದೂರ ನಾನು ಬರ್ತಿದ್ದದ್ದು ಟಿಲ್ಲರ್‌ಗೋಸ್ಕರ ಅಂತ ತಿಳ್ಕಂಡಿದ್ರಾ?"

ಅವನು ಈಗ ತಲೆ ಎತ್ತಿದ.

"ಹಂಗಾದ್ರೆ... ಸೋಮವಾರ ಬರ್ರಿ. ಅವ್ವಗೆ ಹೇಳಿರ್ತೀನಿ."

"ಏನಂತ?"

"ನಿನ್ನ ಸೊಸೆ ಬರ್ತಾಳೆ ಅಂತ... ಹೇಳ್ಲಾ?"

"ಹೇಳ್ರಿ. ಅಣ್ಣನ್ನೂ ಕೂರಿಸ್ಕಂಡು ಬರ್ತೀನಿ... ಟ್ರ್ಯಾಕ್ಟರ್ ನಾನೇ ಓಡಿಸ್ತೀನಿ!"