ಎರಡನೇ ಬಾಗಿಲು ತೆರೆದಿತ್ತು

ಬೆಳಿಗ್ಗೆ ಬಾಯ್ಲರ್ ಸಿಡಿದು ಕೋಣೆಯ ಗೋಡೆ ಹೊರಕ್ಕೆ ಬಿದ್ದಿತ್ತು. ಬಣ್ಣದ ಕಾರ್ಖಾನೆಯ ಯಜಮಾನನ ಶವ ಇಟ್ಟಿಗೆಗಳ ಕೆಳಗೆ ಸಿಕ್ಕಿತು. ಬಾಯ್ಲರ್ ತೊಳೆದ ಮೇಲೆ ಮೊದಲ ಬೆಂಕಿ ಅವನೇ ಹಚ್ಚಬೇಕು. ಬೇರೆಯವರನ್ನು ಹತ್ತಿರ ಬಿಡುತ್ತಿರಲಿಲ್ಲ.

"ಬಿರುಕು ಬಿಟ್ಟಿದೆ, ಹಚ್ಚಬೇಡಿ ಅಂತ ನಿನ್ನೆ ಸಂಜೆಯೇ ಮೇಲ್ ಹಾಕಿದ್ದೆ," ಎಂದ ಬಾಯ್ಲರ್ ಪರೀಕ್ಷಕ.

"ಬಂದೇ ಇಲ್ಲ," ಎಂದ ಯಜಮಾನನ ಭಾವಮೈದ. ಊರಿನ ಆಚೆ ತುದಿಯ ಮಾರಾಟ ಕಚೇರಿ ಅವನ ಸುಪರ್ದಿನಲ್ಲಿತ್ತು. "ಬರೋದಾದ್ರೂ ಹೇಗೆ? ಇಲ್ಲಿ ನೋಡಿ."

ಮೇಲ್ ಬಂದು ಸೇರುವ ಸರ್ವರ್ ಕೋಣೆಯ ಹೊರಗೆ ಕೇಬಲ್ ತುಂಡಾಗಿತ್ತು. ಕೊಯ್ದ ತುದಿ ನುಣುಪಾಗಿತ್ತು. ಪಕ್ಕದಲ್ಲೇ ಕಾರ್ಖಾನೆಯ ಕಂಪ್ಯೂಟರ್ ಟೆಕ್ನಿಷಿಯನ್‌ನ ಕಟರ್. ಮೊನ್ನೆಯಷ್ಟೇ ಯಜಮಾನ ಅವನನ್ನು ಎಲ್ಲರೆದುರು ಕತ್ತೆ ಎಂದು ಬೈದಿದ್ದ.

ಸತ್ತವನ ಹೆಂಡತಿ ನೇರ ಬಂದು ಟೆಕ್ನಿಷಿಯನ್‌ನ ಕೊರಳಪಟ್ಟಿ ಹಿಡಿದಳು. "ನಿನ್ನ ಕೈ ಸೇದಿಹೋಗ! ಜೈಲಲ್ಲೇ ಸಾಯಿ!"

*

ಲಾಕಪ್ಪಿನಲ್ಲಿ ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡಳು. "ಯಾಕೋ ಕತ್ತರಿಸಿದೆ?"

"ನಾನಾಗಿದ್ರೆ ಅದೊಂದನ್ನೇ ಕತ್ತರಿಸ್ತಿದ್ನಾ? ಅಷ್ಟಕ್ಕೆಲ್ಲ ಮೇಲ್ ನಿಲ್ಲಲ್ಲ."

"ತಲೆಹರಟೆ ಬೇಡ."

"ಕೇಳಿ ಮತ್ತೆ. ನಮ್ಮ ವಿಳಾಸಕ್ಕೆ ಎರಡು ಬಾಗಿಲು, ಅಂದ್ರೆ ಎರಡು ಸರ್ವರ್. ಕೇಬಲ್ ತುಂಡಾಗಿದ್ದು ಮೊದಲನೇದರದ್ದು. ಕಳಿಸೋ ಸರ್ವರ್ ಮೊದಲನೇದು ತಟ್ಟುತ್ತೆ. ತೆಗೀಲಿಲ್ವಾ, ಎರಡನೇದಕ್ಕೆ ಹೋಗುತ್ತೆ. ಅದು ಮೇಲ್ ಇಸ್ಕೊಂಡು, ಮೊದಲನೇದು ಸರಿಹೋದ್ಮೇಲೆ ದಾಟಿಸುತ್ತೆ."

"ಎರಡೂ ಮುಚ್ಚಿದ್ರೆ?"

"ಕೆಲವು ಗಂಟೆ ಮತ್ತೆ ಮತ್ತೆ ತಟ್ಟಿ, ಇನ್ನೂ ತಲುಪಿಲ್ಲ ಅಂತ ಕಳಿಸಿದವನಿಗೇ ಹೇಳುತ್ತೆ."

"ಎರಡನೇದು ಎಲ್ಲಿದೆ?"

ಅವನು ಕಹಿಯಾಗಿ ನಕ್ಕ. "ಮಾರಾಟ ಕಚೇರೀಲಿ. ಆ ಕೋಣೆ ಕೀಲಿ ನನಗೂ ಕೊಡಲ್ಲ. ಭಾವಮೈದ ಸಾಹೇಬ್ರ ಸೊಂಟದಲ್ಲೇ ಇರುತ್ತೆ."

*

"ತಲುಪಿಲ್ಲ ಅಂತ ಸೂಚನೆ ಬಂತಾ?" ಇನ್ಸ್‌ಪೆಕ್ಟರ್ ಪರೀಕ್ಷಕನನ್ನು ಅವನ ಕಚೇರಿಯಲ್ಲೇ ಕೇಳಿದಳು.

"ಇಲ್ಲ. ಬಂದಿದ್ರೆ ಓಡಿಹೋಗ್ತಿದ್ದೆ."

"ಬಾಯಲ್ಲಿ ಹೇಳೋಕೆ ಏನಾಗಿತ್ತು ಧಾಡಿ?"

"ಯಜಮಾನ್ರು ಫೋನ್ ತೆಗೀಲಿಲ್ಲ. ಮಧ್ಯಾಹ್ನ ಮಾರಾಟ ಕಚೇರಿಗೆ ಮಾಡ್ದೆ. ಅವರ ಭಾವಮೈದ ಎತ್ತಿ, ಬಾಯಿಮಾತು ನಡೆಯಲ್ಲ, ಬರೆದು ಕಳಿಸಿ ಅಂತ ಫೋನ್ ಕುಕ್ಕಿದ್ರು."

ಅವನ ಸರ್ವರ್‌ನ ದಾಖಲೆ ತೆರೆಸಿದಳು. ಮೊದಲನೇ ಬಾಗಿಲು: ಉತ್ತರವಿಲ್ಲ. ಎರಡನೇದು: ಸ್ವೀಕರಿಸಿದೆ.

*

ಕೋಳ ಬಿಚ್ಚಿಸಿ, ಟೆಕ್ನಿಷಿಯನ್‌ನ ಕೈಯಲ್ಲೇ ಕೇಬಲ್ ಜೋಡಿಸಿದ್ದಾಯಿತು. ಸತ್ತವನ ಹೆಂಡತಿ, ಭಾವಮೈದ, ಅಕ್ಕ ತಮ್ಮ ಇಬ್ಬರೂ ಎದುರಿಗಿದ್ದರು.

"ಕೇಬಲ್ ಕತ್ತರಿಸಿದ್ದು ಮೇಲ್ ನಿಲ್ಲಿಸೋಕಲ್ಲ," ಎಂದಳು ಇನ್ಸ್‌ಪೆಕ್ಟರ್ ಭಾವಮೈದನಿಗೆ. "ನಿಮ್ಮ ಕಡೆ ತಿರುಗಿಸೋಕೆ."

"ಸಾವಿನ ಮನೇಲಿ ಕಥೆ ಕಟ್ತೀರಾ?"

"ಎರಡೂ ಬಾಗಿಲು ಮುಚ್ಚಿದ್ರೆ ಪರೀಕ್ಷಕರಿಗೆ ಸುದ್ದಿ ಹೋಗ್ತಿತ್ತು, ನಿಮ್ಮ ಭಾವ ಬದುಕ್ತಿದ್ರು. ಅದಕ್ಕೇ ನಿಮ್ಮದು ತೆರೆದಿರಬೇಕಿತ್ತು. ಈಗ ಆ ಸಂಜೆಯ ಬೇರೆ ಮೇಲ್‌ಗಳೆಲ್ಲ ನಿಮ್ಮ ಸರ್ವರ್‌ನಿಂದ ದಾಟಿ ಬಂದಿವೆ. ಅದೊಂದೇ ಇಲ್ಲ. ಇಸ್ಕೊಂಡಿದ್ದನ್ನ ಸರ್ವರ್ ತಾನಾಗಿ ನುಂಗಲ್ಲ. ಯಾರೋ ಒಳಗೆ ಹೋಗಿ ಅಳಿಸಿದ್ದಾರೆ. ಕೀಲಿ ಒಂದೇ. ಬಾಯಿಮಾತು ನಡೆಯಲ್ಲ, ಬರೆದು ಕಳಿಸಿ ಅಂದವರೂ ನೀವೇ."

ಅವನ ಕೈ ಸೊಂಟಕ್ಕೆ ಹೋಯಿತು. ಅಕ್ಕ ಅದನ್ನೇ ನೋಡುತ್ತಿದ್ದಳು.

"ಆ ಹಾಳು ಕಚೇರೀಲಿ ನನ್ನ ಕೊಳೆಹಾಕಿದ್ದ ಅಕ್ಕಾ! ಇಲ್ಲಿ ಒಂದು ಕುರ್ಚಿ ಕೊಡಲಿಲ್ಲ. ಒಂದೇ ಒಂದು ಮಾತು ಕೇಳು..."

"ಬಾಯಿಮಾತು ನಡೆಯಲ್ಲ," ಎಂದಳು ಅಕ್ಕ. "ಬರೆದು ಕಳಿಸು."